ಹತ್ತೊಂಬತ್ತನೆಯ ದಿನದ ಹಿಕ್ಕೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅವನ ಫೋನಿಗೆ ಕೋಳಿ ಹಿಕ್ಕೆಯ ಫೋಟೋ ಬಂತು. ದಿನಕ್ಕೊಂದರಂತೆ ಮೂವತ್ತೆಂಟನೆಯದು. ಹೊಟ್ಟಿನ ಮೇಲೆ ಕಂದುಬಣ್ಣಕ್ಕೆ, ಗಟ್ಟಿಯಾಗಿ, ನೆತ್ತಿಗೊಂದು ಬಿಳಿ ಟೋಪಿ ಇಟ್ಟುಕೊಂಡು ಕೂತಿದ್ದ ಅದನ್ನು ಅವನು ಹಾಸಿಗೆಯಲ್ಲಿ ಮಲಗಿದ್ದಂತೆಯೇ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ಇದಕ್ಕಿಂತ ಒಳ್ಳೆಯ ಹಿಕ್ಕೆಯನ್ನು ಯಾವ ಕೋಳಿಯೂ ಹಾಕಲಾರದು, ಪಠ್ಯಪುಸ್ತಕದ ಮುಖಪುಟಕ್ಕೆ ಹಾಕಬಹುದು. ಕೆಳಗೆ ಅತ್ತಿಗೆ ಬರೆದಿದ್ದಳು: 'ಇವತ್ತು ನಿನ್ನ ದಿನ ಕಣೋ ಡಾಕ್ಟ್ರೇ. ಹತ್ತಕ್ಕೆ ಮೊದಲೇ ಬಾ, ಕುರ್ಚಿ ಹಾಕೋಕೆ ಜನ ಇಲ್ಲ.' ಪಕ್ಕದಲ್ಲಿದ್ದ ಹೆಂಡತಿ ಒಂದು ಕಣ್ಣು ತೆರೆದು, "ಮತ್ತೆ ಅದೇನಾ? ಜನ ಬೆಳಿಗ್ಗೆ ಎದ್ದು ಹೂವು ಗೀವು ನೋಡ್ತಾರಪ್ಪ," ಎಂದು ಮಗ್ಗುಲಾದಳು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ. ಹಿಕ್ಕೆ ಅಷ್ಟು ಚೆನ್ನಾಗಿರುವುದಕ್ಕೆ ನಿಜವಾದ ಕಾರಣ ಏನೆಂದು ಗೊತ್ತಿದ್ದವನು ಅವನೊಬ್ಬನೇ, ಮತ್ತು ಅದು ಹತ್ತೊಂಬತ್ತು ದಿನಗಳಿಂದ ಗಂಟಲಲ್ಲಿ ಸಿಕ್ಕ ಬಿಸಿತುಪ್ಪವಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಇವತ್ತು ಅತ್ತಿಗೆ ನಲವತ್ತು ಜನ ಕೋಳಿ ಸಾಕುವವರ ಎದುರು ಒಂದು ಕಾಗದಕ್ಕೆ ಸಹಿ ಹಾಕುವವಳಿದ್ದಳು. ಮರಿ ಬಂದ ದಿನದಿಂದ ಇವತ್ತಿನವರೆಗೆ ಈ ಐದು ಸಾವಿರ ಕೋಳಿಗಳ ಹೊಟ್ಟೆಗೆ ಒಂದು ತೊಟ್ಟು ಆಂಟಿಬಯೋಟಿಕ್ ಹೋಗಿಲ್ಲ ಎಂದು. ಆ ತೊಟ್ಟನ್ನು, ತೊಟ್ಟನ್ನೇನು ಎರಡು ಬಾಟಲಿಯನ್ನು, ಅವನೇ ಕೈಯಾರೆ ಹುಯ್ದಿದ್ದ.

ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯೆದುರು ಭಾಷಣ ಒಪ್ಪಿಸಿ ನೋಡಿದ. 'ಸ್ನೇಹಿತರೇ, ಕೋಳಿಯ ಕರುಳು ಒಂದು ಊರು ಇದ್ದ ಹಾಗೆ. ಅಲ್ಲಿ ಒಳ್ಳೆಯವರೂ ಇರುತ್ತಾರೆ, ಕೆಟ್ಟವರೂ ಇರುತ್ತಾರೆ. ಆಂಟಿಬಯೋಟಿಕ್ ಎಂದರೆ ಕಳ್ಳ ಸಿಕ್ಕಲಿಲ್ಲ ಅಂತ ಇಡೀ ಊರಿಗೆ ಬೆಂಕಿ ಇಟ್ಟ ಹಾಗೆ. ನಮ್ಮ ಪುಡಿಯಲ್ಲಿರುವುದು ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾ. ಒಳ್ಳೆಯವರೇ ಎಲ್ಲ ಮನೆಯಲ್ಲೂ ತುಂಬಿಕೊಂಡರೆ ಕೆಟ್ಟವರಿಗೆ ಜಾಗವೆಲ್ಲಿ?' ಬರೆದುಕೊಟ್ಟವನು ಅವನ ಔಷಧಿ ಕಂಪನಿಯ ಮ್ಯಾನೇಜರ್. ಅರವತ್ತನಾಲ್ಕು ಸಭೆಗಳಲ್ಲಿ ಇದನ್ನೇ ಹೇಳಿದ್ದ, ಅರವತ್ತನಾಲ್ಕು ಸಲವೂ ಸುಳ್ಳು ಹೇಳುತ್ತಿರುವವನ ಹಾಗೆ ಬೆವರಿದ್ದ. ಸುಳ್ಳಲ್ಲ ಎಂದು ಗೊತ್ತಿತ್ತು. ಓದಿದ್ದ, ಲೆಕ್ಕ ನೋಡಿದ್ದ, ತಲೆ ಒಪ್ಪಿತ್ತು. ಕೈ ಒಪ್ಪಿರಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಕೈ ಬಾಟಲಿ ಹಂಚಿತ್ತು. ಮರಿ ಸೀನಿದರೆ ಒಂದು ಬಾಟಲಿ, ಸೀನದಿದ್ದರೆ ಸೀನದೇ ಇರಲಿ ಅಂತ ಅರ್ಧ ಬಾಟಲಿ. ಆಗೆಲ್ಲ ಜನ ಅವನನ್ನು ಬಾಟಲಿ ಡಾಕ್ಟ್ರು ಎನ್ನುತ್ತಿದ್ದರು, ಶೆಡ್ಡಿನ ಬಾಗಿಲಲ್ಲಿ ಅವನ ಕಾರು ನಿಂತರೆ ಅರ್ಧ ಕಾಯಿಲೆ ಹೋಯಿತು ಎನ್ನುತ್ತಿದ್ದರು. ಈಗ ಕಂಪನಿ ಮಗ್ಗುಲು ಬದಲಿಸಿತ್ತು, ಹೊರದೇಶಕ್ಕೆ ಹೋದ ಮಾಂಸ ಔಷಧಿಯ ಅಂಶವಿದೆ ಎಂದು ವಾಪಸು ಬಂದಿತ್ತು, ಇವನ ಕೈಗೆ ಪುಡಿ ಬಂದಿತ್ತು, ಹೆಸರು ಮೊಸರು ಡಾಕ್ಟ್ರು ಎಂದಾಗಿತ್ತು. "ಅಲ್ಲ ಸಾರ್," ಎಂದಿದ್ದ ಒಬ್ಬ ದೊಡ್ಡ ಸಾಕಣೆದಾರ, ಎಲ್ಲರಿಗೂ ಕೇಳಿಸುವ ಹಾಗೆ, "ಇಪ್ಪತ್ತು ವರ್ಷ ಕ್ರಿಮಿ ಕೊಲ್ಲಿ ಕೊಲ್ಲಿ ಅಂದ್ರಿ. ಈಗ ಕ್ರಿಮಿ ತಿನ್ನಿಸಿ ಅಂತೀರಿ. ಮುಂದಿನ ವರ್ಷ ಬಂದು ಕೋಳಿಗೆ ಹಲ್ಲುಜ್ಜಿಸಿ ಅನ್ನಲ್ಲ ತಾನೇ?" ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಇವನೂ ನಕ್ಕಿದ್ದ. ನಗದೆ ಇನ್ನೇನು ಮಾಡುವುದು.

ಬ್ಲೇಡು ತಾಗಿ ಗಲ್ಲದ ಮೇಲೆ ಒಂದು ಹನಿ ರಕ್ತ ಬಂತು. ಅವನು ಸ್ವಲ್ಪ ಹೆಚ್ಚೇ ಹೊತ್ತು ಅದನ್ನು ನೋಡಿದ. ಹೋದ ವರ್ಷ ಹೆಬ್ಬೆರಳಿಗೆ ಒಂದು ತಂತಿ ಚುಚ್ಚಿ ಕೀವಾಗಿತ್ತು. ಮೊದಲ ಔಷಧಿಗೆ ಜಗ್ಗಲಿಲ್ಲ, ಎರಡನೆಯದಕ್ಕೂ ಜಗ್ಗಲಿಲ್ಲ, ಬೆರಳು ಬದನೆಕಾಯಿ ಆಯಿತು. ಮೂರನೆಯದನ್ನು ಚುಚ್ಚುವ ಮೊದಲು ಆಸ್ಪತ್ರೆಯ ಡಾಕ್ಟರು, ಮಗಳ ವಯಸ್ಸಿನ ಹುಡುಗಿ, ಕನ್ನಡಕದ ಮೇಲಿಂದ ನೋಡಿ ಕೇಳಿದ್ದಳು: "ನೀವು ಏನ್ ಕೆಲಸ ಮಾಡ್ತೀರಿ?" ವ್ಯಾಪಾರ, ಎಂದಿದ್ದ. "ಏನ್ ವ್ಯಾಪಾರ?" ಪುಡಿ, ಎಂದಿದ್ದ. "ಮುಖಕ್ಕೆ ಹಾಕ್ಕೊಳ್ಳೋದಾ?" ಅವನು ಹೌದೆಂದು ತಲೆಯಾಡಿಸಿದ. ಈ ಬೆರಳೊಳಗಿನ ಕ್ರಿಮಿಗಳಿಗೆ ತಾನೇ ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮೇಷ್ಟ್ರು, ಅವು ತನ್ನ ಪ್ರತಿ ಬಾಟಲಿಯನ್ನೂ ಬಾಯಿಪಾಠ ಮಾಡಿಕೊಂಡಿವೆ ಎಂದು ಆ ಹುಡುಗಿಗೆ ಹೇಳುವುದು ಹೇಗೆ? ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಗೂ ಹೇಳಲಿಲ್ಲ. ಕಾರಿನ ಡಿಕ್ಕಿಯಲ್ಲಿದ್ದ ಹಳೆಯ ಬಾಟಲಿಗಳನ್ನು ಎಸೆಯಬೇಕು ಎಂದುಕೊಂಡ. ಎಸೆಯಲಿಲ್ಲ, ಇರಲಿ, ಯಾವುದಕ್ಕಾದರೂ ಬೇಕಾಗುತ್ತದೆ.

ಯಾವುದಕ್ಕಾದರೂ ಬೇಕಾಯಿತು. ಹೆದ್ದಾರಿಯಲ್ಲಿ ಮೇವಿನ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು, ಅದರ ಧೂಳು ಕುಡಿಯುತ್ತ, ಅವನು ಮನಸ್ಸಿನಲ್ಲೇ ಮತ್ತೆ ಆ ಮಧ್ಯಾಹ್ನದ ಏಣಿಯನ್ನು ಹತ್ತಿದ. ಹತ್ತೊಂಬತ್ತನೆಯ ದಿನದ ಫೋಟೋದಲ್ಲಿ ಹಿಕ್ಕೆ ಎನ್ನುವ ವಸ್ತುವೇ ಇರಲಿಲ್ಲ, ನೊರೆಯೆದ್ದ ಕೆಂಪು ನೀರಿತ್ತು. ಹಾಸಿಗೆಯಲ್ಲಿ ಎದ್ದು ಕೂತು ಅವನು ಉತ್ತರ ಬರೆದಿದ್ದ: 'ಗಾಬರಿ ಬೇಡ ಅತ್ತಿಗೆ. ಇದು ಮಾಮೂಲಿ. ಒಳಗೆ ಒಳ್ಳೆಯವರಿಗೂ ಕೆಟ್ಟವರಿಗೂ ಜಟಾಪಟಿ ನಡೀತಿದೆ. ಮೂರು ದಿನ ಕಾಯಿರಿ. ಪುಡಿ ಬಿಟ್ಟು ಬೇರೇನೂ ಕೊಡಬೇಡಿ.' ಬರೆದು, ಓದಿ, ತನ್ನ ಧೈರ್ಯಕ್ಕೆ ತಾನೇ ಮೆಚ್ಚಿ, ಮಧ್ಯಾಹ್ನ ಎರಡು ಗಂಟೆಗೆ ಡಿಕ್ಕಿಯಿಂದ ಎರಡು ಬಾಟಲಿ ತೆಗೆದುಕೊಂಡು ಅವಳ ಶೆಡ್ಡಿನ ಹಿಂದೆ ನಿಂತಿದ್ದ. ಅತ್ತಿಗೆ ಅಮ್ಮನಿಗೆ ಹೊಸ ಹಲ್ಲಿನ ಸೆಟ್ಟು ಹಾಕಿಸಲು ಪೇಟೆಗೆ ಹೋಗಿದ್ದಾಳೆಂದು ಅವನಿಗೆ ಗೊತ್ತಿತ್ತು. ಅಣ್ಣ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆ ಕಂಡರೆ ಹೆಚ್ಚು. ಶೆಡ್ಡಿನೊಳಗೆ ಹೋಗಬೇಕಾದರೆ ಬೂಟು ಬದಲಿಸಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ಆ ನಿಯಮ ಮಾಡಿದವನೂ ಅವನೇ. ಹಾಗಾಗಿ ಒಳಗೆ ಹೋಗದೆ ಹೊರಗಿನಿಂದಲೇ ಏಣಿ ಹತ್ತಿ, ಶೆಡ್ಡಿನ ತಲೆಯ ಮೇಲಿದ್ದ ಟ್ಯಾಂಕಿನ ಮುಚ್ಚಳ ಸರಿಸಿ ಎರಡನ್ನೂ ಬಗ್ಗಿಸಿದ. ಹಳದಿ ಔಷಧಿ ನೀರಿನಲ್ಲಿ ಸುತ್ತಿ ಸುತ್ತಿ ಕರಗಿತು. ಕೆಳಗೆ ಪಕ್ಕದ ಮನೆಯ ನಾಯಿ ತಲೆಯೆತ್ತಿ ನೋಡುತ್ತ ನಿಂತಿತ್ತು, ಅವನು ಅದಕ್ಕೂ ಒಂದು ನಗೆ ನಕ್ಕ. ಮೂರು ದಿನ ಕಳೆಯಿತು. ಹಿಕ್ಕೆ ಗಟ್ಟಿಯಾಯಿತು. 'ನೀನು ಹೇಳಿದ ಹಾಗೇ ಆಯ್ತು ಕಣೋ!' ಎಂದು ಅತ್ತಿಗೆ ಬರೆದಳು. ಅಷ್ಟು ಚಿಕ್ಕ ವಾಕ್ಯ ಓದಿ ಅಷ್ಟು ಹೊತ್ತು ಬಚ್ಚಲುಮನೆಯಲ್ಲಿ ಕೂತವನು ಅವನೊಬ್ಬನೇ ಇರಬೇಕು.

ಅವಳಿಗಾಗಿ ಮಾಡಿದೆ ಎಂದು ಮೊದಲ ವಾರ ತನಗೆ ತಾನೇ ಹೇಳಿಕೊಂಡ. ಐದು ಸಾವಿರ ಜೀವ, ಒಂಟಿ ಹೆಂಗಸು ನಡೆಸುವ ಶೆಡ್ಡು, ಅನ್ನ ಕೊಡುವ ಕಸುಬು. ಎರಡನೆಯ ವಾರಕ್ಕೆ ಈ ಮಾತು ಅವನಿಗೇ ರುಚಿಸಲಿಲ್ಲ. ಅವನು ಹೆದರಿದ್ದು ಅವಮಾನಕ್ಕೆ. ಅರವತ್ತನಾಲ್ಕು ಸಭೆಗಳಲ್ಲಿ ಒಬ್ಬನೂ ಪುಡಿ ಮುಟ್ಟಿರಲಿಲ್ಲ. ಕೊನೆಗೆ ಅತ್ತಿಗೆಯೇ ಕೇಳಿದ್ದಳು, "ಬೇರೆ ಯಾರೂ ಒಪ್ತಿಲ್ವಾ? ನನ್ನ ಶೆಡ್ ತಗೋ. ನೀನು ಪೆದ್ದ ಇರಬಹುದು, ಸುಳ್ಳ ಅಲ್ಲ." ಇವಳ ಶೆಡ್ಡೂ ನೆಲಕಚ್ಚಿದರೆ ಮೊಸರು ಡಾಕ್ಟ್ರು ಎಂಬ ಹೆಸರು ಅವನ ಜೊತೆ ಮಣ್ಣಿಗೇ ಹೋಗುತ್ತಿತ್ತು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂದು ಅಪ್ಪ ಊರವರಿಗೆಲ್ಲ ಅನ್ನುತ್ತಿದ್ದ ಮಾತು ಈಗ ತನಗೇ ಸರಿಯಾಗಿ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತ್ತು. ಸಹಿ ಹಾಕುವ ಮೊದಲು ಹೇಳಿಬಿಡಬೇಕು. ಆ ಕೋಳಿ ಹೋಗುವುದು ಆಸ್ಪತ್ರೆಯ ಅಡುಗೆಮನೆಗೆ. ಸಹಿ ಅವಳದು, ನಾಳೆ ಯಾರಾದರೂ ಪರೀಕ್ಷೆ ಮಾಡಿಸಿ ಹೆಚ್ಚುಕಮ್ಮಿ ಆದರೆ ತಲೆ ಕೊಡುವವಳು ಅವಳು. ಹೇಳಿಬಿಡಬೇಕು. ಲಾರಿ ಬದಿಗೆ ಸರಿಯಿತು. ಅವನು ಹಿಂದೆ ಹಾಕಲಿಲ್ಲ, ಅದರ ಹಿಂದೆಯೇ ಹೋದ, ಎಷ್ಟು ತಡವಾದರೆ ಅಷ್ಟು ಒಳ್ಳೆಯದು.

ಶೆಡ್ಡಿನ ಅಂಗಳದಲ್ಲಿ ಟಾರ್ಪಾಲಿನ್ ಕಟ್ಟಿತ್ತು. ಕಂಪನಿಯ ಬ್ಯಾನರಿನಲ್ಲಿ ಒಂದು ಕೋಳಿ ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿತ್ತು. ಚಿತ್ರ ಬರೆದವನು ಕೋಳಿಯನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಕ್ಕಿಲ್ಲ. ಜಗಲಿಯಲ್ಲಿ ಅಮ್ಮ ಕೂತಿದ್ದಳು, ಬಾಯಿ ಒಳಗೆ ಸೇರಿಕೊಂಡಿತ್ತು. ಇಲ್ಲಿ ಕೋಳಿಗೆ ಹಲ್ಲಿತ್ತು, ಅಮ್ಮನಿಗಿರಲಿಲ್ಲ. "ಹಲ್ಲೆಲ್ಲಮ್ಮಾ?" ಎಂದ. "ಡಬ್ಬಿಯಲ್ಲಿದೆ," ಎಂದಳು ಅಮ್ಮ. "ಅದನ್ನ ಹಾಕ್ಕೊಂಡ ದಿನದಿಂದ ಒಂದು ವಾರ ನನ್ನ ಹೊಟ್ಟೆ ನಲ್ಲಿ ಬಿಟ್ಟ ಹಾಗೆ ಹರೀತು ಕಣಪ್ಪ. ಸತ್ತೇ ಹೋಗ್ತೀನಿ ಅನ್ಕೊಂಡೆ. ಆ ಹಲ್ಲು ನನಗೆ ಆಗಿಬರಲ್ಲ, ಯಾರಿಗಾದ್ರೂ ಕೊಟ್ಬಿಡು." ಹಲ್ಲಿನಿಂದ ಹೊಟ್ಟೆ ಕೆಡುತ್ತದೆಯೇ, ಯಾರಾದರೂ ಕೇಳಿದರೆ ನಗುತ್ತಾರೆ, ಇನ್ನೊಬ್ಬರ ಹಲ್ಲನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಅವನು ಸ್ವಲ್ಪ ಜೋರಾಗಿಯೇ ರೇಗಿದ. ಯಾರ ಮೇಲಾದರೂ ರೇಗಬೇಕಿತ್ತು. ಅಮ್ಮ ಮುಖ ತಿರುಗಿಸಿ, "ನಿನಗೇನು ಗೊತ್ತು, ನೀನು ಕೋಳಿ ಡಾಕ್ಟರು," ಎಂದಳು.

ಅತ್ತಿಗೆ ಶೆಡ್ಡಿನಿಂದ ತಕ್ಕಡಿ ಎಳೆದುಕೊಂಡು ಬಂದಳು, ಸೀರೆಯ ಮೇಲೆ ಗಂಡನ ಹಳೆಯ ಶರ್ಟು, ಕಾಲಿಗೆ ರಬ್ಬರ್ ಬೂಟು, ಕೂದಲಲ್ಲಿ ಎರಡು ಪುಕ್ಕ. "ಎರಡು ಕೆಜಿ ಮುನ್ನೂರು!" ಎಂದು ಕೂಗಿದಳು. "ಮೂವತ್ತೆಂಟು ದಿನಕ್ಕೆ ಎರಡು ಕೆಜಿ ಮುನ್ನೂರು. ನಿನ್ನಣ್ಣನೂ ಮದುವೆಯಾದ ಹೊಸದರಲ್ಲಿ ಇಷ್ಟು ಬೇಗ ತೂಕ ಹಾಕಿರಲಿಲ್ಲ." "ಅತ್ತಿಗೆ, ಒಂದು ಮಾತು," ಎಂದ. "ಒಂದಲ್ಲ, ಹತ್ತು ಹೇಳು. ಮೊದಲು ಆ ಕುರ್ಚಿ ಇಳಿಸು." ಅವನು ನಲವತ್ತು ಕುರ್ಚಿ ಇಳಿಸಿದ. ಮತ್ತೆ ಹೋದ. ಅವಳು ಫೋನಿನಲ್ಲಿ ಟೀ ಹೇಳುತ್ತಿದ್ದಳು. ಮೂರನೆಯ ಸಲ ಹೋಗುವಷ್ಟರಲ್ಲಿ ಮ್ಯಾನೇಜರ್ ಬಂದಿಳಿದ, ಬಿಳಿ ಶರ್ಟು, ಬಿಳಿ ಬೂಟು, ಕೋಳಿ ಶೆಡ್ಡಿಗೆ ಬಿಳಿ ಬೂಟು ಹಾಕಿಕೊಂಡು ಬರುವವನನ್ನು ಇವನು ಮೊದಲ ಸಲ ನೋಡಿದ್ದು. ಜೊತೆಗೆ ಆಸ್ಪತ್ರೆಯ ಅಡುಗೆಮನೆಗೆ ಸಾಮಾನು ಕೊಳ್ಳುವ ಮನುಷ್ಯ, ಕಂಕುಳಲ್ಲಿ ಕಾಗದದ ಕಡತ. "ನಮ್ಮ ಹೀರೋ!" ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವನು ಗಲ್ಲದ ಗಾಯ ಮುಟ್ಟಿ ನೋಡಿಕೊಂಡ. ಕೊಳ್ಳುವವನು ಕಡತ ಬಿಚ್ಚಿ ಅತ್ತಿಗೆಯ ಕೈಗೆ ಪೆನ್ನು ಕೊಟ್ಟ. "ಭಾಷಣ ಆದ್ಮೇಲೆ ಎಲ್ಲರೆದುರು ಹಾಕ್ಲಾ, ಈಗ್ಲೇ ಹಾಕ್ಲಾ?" ಎಂದು ಕೇಳುತ್ತ ಅವಳು ಪೆನ್ನಿನ ಕ್ಯಾಪು ತೆಗೆದಳು.

"ಅತ್ತಿಗೆ, ಮೇವಿನ ಮೂಟೆ ತೋರಿಸ್ತೀನಿ ಬನ್ನಿ," ಎಂದ ಅವನು. ಆ ಮೂಟೆಗಳನ್ನು ಅಲ್ಲಿಟ್ಟವಳೇ ಅವಳು. ಅವಳು ಅವನ ಮುಖ ನೋಡಿದಳು, ಪೆನ್ನನ್ನು ಹಾಗೇ ಹಿಡಿದುಕೊಂಡು ಹಿಂದೆ ಬಂದಳು. ಮೇವಿನ ಕೋಣೆಯಲ್ಲಿ ಜೋಳದ ನುಚ್ಚಿನ ವಾಸನೆ, ಜಾಲರಿಯಾಚೆ ಐದು ಸಾವಿರ ಕೋಳಿಗಳ ಗುಜುಗುಜು. ಅವನು ಬಾಗಿಲು ಹಾಕಿದ. "ಸಹಿ ಹಾಕ್ಬೇಡಿ," ಎಂದ. "ಹತ್ತೊಂಬತ್ತನೇ ದಿನ ನಾನು ಬಂದಿದ್ದೆ. ನೀವು ಇರಲಿಲ್ಲ. ಟ್ಯಾಂಕಿಗೆ ಔಷಧಿ ಹಾಕ್ದೆ. ಎರಡು ಬಾಟಲಿ. ಕೋಳಿ ಹುಷಾರಾಗಿದ್ದು ಪುಡಿಯಿಂದಲ್ಲ." ಇಷ್ಟು ದಿನ ತಲೆಯಲ್ಲಿ ಅಷ್ಟುದ್ದ ಇದ್ದದ್ದು ಬಾಯಿಗೆ ಬಂದಾಗ ಇಷ್ಟೇ ಆಗಿತ್ತು. ಅತ್ತಿಗೆ ಕೇಳಿದಳು, "ಯಾವ ಟ್ಯಾಂಕು?" "ಶೆಡ್ಡಿನ ಮೇಲಿಂದು." "ಏಣಿ ಹತ್ತಿ?" "ಹೂಂ." ಅವಳ ಮುಖದಲ್ಲಿ ಏನೋ ಆಯಿತು. ಸಿಟ್ಟು ಬರುತ್ತಿದೆ ಎಂದುಕೊಂಡ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೂಟೆಯ ಮೇಲೆ ಕುಸಿದು ಕೂತು, ಭುಜ ಕುಣಿಸಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬಂತು. "ಅಯ್ಯೋ ದೇವರೇ," ಎಂದಳು ಉಸಿರು ಸಿಕ್ಕಾಗ, "ಅದು ಹಲ್ಲಿನ ಸೆಟ್ಟಲ್ಲ! ಅದು ಹಲ್ಲಿನ ಸೆಟ್ಟಲ್ಲ ಕಣೋ!"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಹೇಳಿದಳು, ಮೂಗು ಒರೆಸಿಕೊಂಡು. ಪುಡಿಯನ್ನು ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರಲ್ಲಿ ಕಲಸಬೇಡಿ, ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಮೊದಲ ದಿನ ಅವನು ಹೇಳಿದ್ದ. ಬೆಳಿಗ್ಗೆ ಎರಡು ಗಂಟೆ ಕಾಲ ಡ್ರಮ್ಮಿನಿಂದ ಬಾವಿ ನೀರಲ್ಲಿ ಕಲಸಿದ ಪುಡಿ ಕುಡಿಸಿ, ಆಮೇಲೆ ಮಾಮೂಲಿ ಟ್ಯಾಂಕಿನ ನೀರು ಬಿಡಿ ಎಂದಿದ್ದ. "ನನಗೆ ಅದು ಸರಿ ಅನಿಸಲಿಲ್ಲ," ಎಂದಳು ಅತ್ತಿಗೆ. "ಬೆಳಿಗ್ಗೆ ನೆಂಟರನ್ನ ಕರೆದು ಕೂರಿಸಿ, ಮಧ್ಯಾಹ್ನ ಅವರ ತಲೆ ಮೇಲೆ ಬ್ಲೀಚಿಂಗ್ ಪೌಡರ್ ಸುರಿದ ಹಾಗಾಯ್ತಲ್ಲ? ಅದಕ್ಕೆ ಬಾವಿ ನೀರು ಪರೀಕ್ಷೆ ಮಾಡಿಸ್ದೆ. ಚೆನ್ನಾಗಿದೆ ಅಂದ್ರು. ಐದನೇ ದಿನಾನೇ ಟ್ಯಾಂಕಿನ ಪೈಪು ಬಂದ್ ಮಾಡಿ, ಶೆಡ್ಡಿಗೆ ಬರೀ ಬಾವಿ ನೀರು ಬಿಟ್ಟೆ. ನಿಂಗೆ ಹೇಳಿದ್ರೆ ನಗ್ತೀಯ ಅಂತ ಹೇಳಲಿಲ್ಲ. ಟ್ಯಾಂಕಲ್ಲಿ ನೀರು ಸುಮ್ನೆ ನಿಂತು ಕೊಳೆಯುತ್ತೆ ಅಂತ ಅದನ್ನ ಮನೆಗೆ ತಿರುಗಿಸ್ದೆ." ಮನೆಗೆ, ಎಂದ ಅವನು. "ಹೂಂ, ಮನೆಗೆ. ಅಡುಗೆಮನೆ ನಲ್ಲಿಗೆ. ನೀನು ಔಷಧಿ ಕುಡಿಸಿದ್ದು ನಿಮ್ಮಮ್ಮಂಗೆ ಕಣೋ. ನನಗೂ. ನನ್ನ ಹೊಟ್ಟೆ ಕಲ್ಲು, ಏನೂ ಆಗಲಿಲ್ಲ. ಅತ್ತೆ ಕರುಳಲ್ಲಿದ್ದ ಊರಿಗೆ ಬೆಂಕಿ ಬಿತ್ತು. ಪಾಪ, ಅವರು ಹಲ್ಲಿನ ಡಾಕ್ಟರನ್ನ ಒಂದು ವಾರ ಬೈದ್ರು." ಮತ್ತೆ ನಕ್ಕಳು. ಅವನೂ ನಗಲು ನೋಡಿದ. ಅಂದರೆ ಕೋಳಿಗಳ ಹೊಟ್ಟೆಗೆ ಒಂದು ತೊಟ್ಟೂ ಹೋಗಿರಲಿಲ್ಲ. ಅಂದರೆ ಹಿಕ್ಕೆ ನಿಜ. ಅಂದರೆ ಅರವತ್ತನಾಲ್ಕು ಸಭೆಗಳಲ್ಲಿ ಹೇಳಿದ್ದೆಲ್ಲ ನಿಜ. ಹತ್ತೊಂಬತ್ತು ದಿನಗಳ ಭಾರ ಒಮ್ಮೆಗೇ ಇಳಿದು ಮೈ ಹಗುರಾಯಿತು, ಆ ಖುಷಿಯಲ್ಲಿ ಒಂದು ಮೂರ್ಖ ಮಾತು ಬಾಯಿಂದ ಬಂದೇಬಿಟ್ಟಿತು. "ಹಾಗಾದ್ರೆ ಏನೂ ತೊಂದ್ರೆ ಆಗಲಿಲ್ಲ ಬಿಡಿ," ಎಂದ.

ಅತ್ತಿಗೆಯ ನಗು ನಿಂತಿತು. ಪೆನ್ನಿನ ಕ್ಯಾಪನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಮೊದಲ್ನೇ ದಿನ ಇಪ್ಪತ್ತಾರು ಸತ್ತವು," ಎಂದಳು. "ಎರಡನೇ ದಿನ ಮೂವತ್ತೊಂದು. ನಿಮ್ಮಣ್ಣ ಲಾರಿಯಿಂದ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ್ರು, ಔಷಧಿ ಹಾಕೇ ಪೆದ್ದಿ ಅಂತ. ಔಷಧಿ ನನ್ನ ಕಪಾಟಲ್ಲೇ ಇತ್ತು. ನೀನೇ ಮಾರಿದ್ದು, ಹೋದ ವರ್ಷದ್ದು. ಎರಡು ಸಲ ಕೈಗೆ ತಗೊಂಡೆ, ಎರಡು ಸಲ ಇಟ್ಟೆ. ಸತ್ತ ಕೋಳಿ ಹೂಳ್ತಾ ಹೂಳ್ತಾ ಒಂದೇ ಮಾತು ಹೇಳ್ಕೊಂಡೆ, ಮೈದುನ ಮೂರು ದಿನ ಕಾಯಿರಿ ಅಂದಿದಾನೆ, ಮೂರು ದಿನ. ನಿನಗೆ ಇನ್ನೊಂದು ಫೋನೂ ಮಾಡಲಿಲ್ಲ, ನಿನ್ನ ಮಾತಿನ ಮೇಲೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ." ಜಾಲರಿಯಾಚೆ ಒಂದು ಕೋಳಿ ಇನ್ನೊಂದನ್ನು ಕುಕ್ಕಿ ಗಲಾಟೆ ಎದ್ದು ಅಡಗಿತು. "ನಿನ್ನ ಮಾತು ನಂಬಿರೋಳು ಇಡೀ ಊರಲ್ಲಿ ನಾನೊಬ್ಬಳೇ ಅಂತ ನನಗೆ ಗೊತ್ತಿತ್ತು," ಎಂದಳು. "ನೀನೂ ನಂಬಿರಲಿಲ್ಲ ಅನ್ನೋದು ಗೊತ್ತಿರಲಿಲ್ಲ."

ಅವನು ತಪ್ಪಾಯಿತು ಎನ್ನಬೇಕಿತ್ತು. ಅವಳು ಅಷ್ಟರಲ್ಲಿ ಎದ್ದು ಸೀರೆಗೆ ಅಂಟಿದ ನುಚ್ಚು ಕೊಡವಿಕೊಂಡಿದ್ದಳು. "ನಡೀರಿ ಡಾಕ್ಟ್ರೇ, ಜನ ಬಂದಿರ್ತಾರೆ," ಎಂದಳು. ನಡೀರಿ. ಅವನ ಮೀಸೆ ಮೂಡುವ ಮೊದಲೇ ಈ ಮನೆಗೆ ಬಂದವಳು, ಪರೀಕ್ಷೆಯಲ್ಲಿ ನಪಾಸಾದಾಗ ಅಪ್ಪನ ಏಟು ತಪ್ಪಿಸಿದವಳು, ಕಿವಿ ಹಿಂಡಿದವಳು, ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನಿಗೆ ಬಹುವಚನ ಕೊಟ್ಟವಳಲ್ಲ. ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ. ಅವನಿಗೆ ಅಳು ಬಂತು. ಮೇವಿನ ಧೂಳು ಎಂದು ಕಣ್ಣೊರೆಸಿಕೊಂಡು ಹೊರಗೆ ಬಂದ. ಅವಳು ಆಗಲೇ ಮೇಜಿನ ಬಳಿ ಬಗ್ಗಿ ಕಾಗದಕ್ಕೆ ಸಹಿ ಹಾಕುತ್ತಿದ್ದಳು, ಯಾರ ಚಪ್ಪಾಳೆಗೂ ಕಾಯದೆ. ಅದರಲ್ಲಿದ್ದ ಪ್ರತಿ ಅಕ್ಷರವೂ ನಿಜವಾಗಿತ್ತು, ಅವನಿಂದಲ್ಲ.

ನಲವತ್ತಕ್ಕೆ ಮೂವತ್ತಾರು ಜನ ಬಂದಿದ್ದರು, ಹಲ್ಲುಜ್ಜಿಸುವ ಮಾತಾಡಿದ್ದ ಸಾಕಣೆದಾರ ಮುಂದಿನ ಸಾಲಿನಲ್ಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಅತ್ತಿಗೆ ಹಿಂದೆ ಕಂಬಕ್ಕೊರಗಿ ನಿಂತಳು. ಮ್ಯಾನೇಜರ್ ಅವನನ್ನು ಹೊಗಳಿ ಮೈಕು ಕೊಟ್ಟ. "ಸ್ನೇಹಿತರೇ, ಕೋಳಿಯ ಕರುಳು ಒಂದು ಊರು ಇದ್ದ ಹಾಗೆ," ಎಂದು ಶುರು ಮಾಡಿದ, ಅರವತ್ತೈದನೆಯ ಸಲ, ಅಲ್ಲಿಗೇ ನಿಂತ. ಮುಂದಿನ ಸಾಲಿನವನು, "ಊರಿಗೆ ದಾರಿ ಮರೆತುಹೋಯ್ತಾ ಸಾರ್?" ಎಂದ. ನಗು ಎದ್ದಿತು. ಅದು ಇಳಿಯುವವರೆಗೆ ಅವನು ಕಾದ. "ಹತ್ತೊಂಬತ್ತನೇ ದಿನ ಈ ಕೋಳಿಗಳಿಗೆಲ್ಲ ಭೇದಿ ಆಯ್ತು," ಎಂದ. ಮ್ಯಾನೇಜರನ ಬಿಳಿ ಬೂಟು ಕದಲಿತು. "ಮೂರು ದಿನದಲ್ಲಿ ಎಪ್ಪತ್ತಕ್ಕೆ ಹತ್ತಿರ ಸತ್ತವು. ಕಾಯಿರಿ ಅಂತ ನಾನು ಬರೆದೆ. ಬರೆದು, ನಾನೇ ಕಳ್ಳನ ಹಾಗೆ ಬಂದು ಆ ಟ್ಯಾಂಕಿಗೆ ಆಂಟಿಬಯೋಟಿಕ್ ಹುಯ್ದೆ. ನನಗೆ ನನ್ನ ಪುಡಿ ಮೇಲೆ ನಂಬಿಕೆ ಇರಲಿಲ್ಲ." ಈಗ ಯಾರೂ ನಗಲಿಲ್ಲ. "ನಮ್ಮತ್ತಿಗೆ ಆ ಪೈಪು ಎಷ್ಟೋ ದಿನದ ಹಿಂದೇನೇ ಬಂದ್ ಮಾಡಿದ್ರು. ಔಷಧಿ ಹೋಗಿದ್ದು ನಮ್ಮಮ್ಮನ ಹೊಟ್ಟೆಗೆ. ಅಮ್ಮ ಒಂದು ವಾರ ಮಲಗಿದ್ರು, ಕೋಳಿ ಮೂರು ದಿನಕ್ಕೆ ಎದ್ದವು. ಬೇಕಾದ್ರೆ ಜಗಲೀಲಿ ಕೂತಿದಾರೆ, ಕೇಳಿ." ಜನ ಟಾರ್ಪಾಲಿನ್ ಹಾರಿಹೋಗುವ ಹಾಗೆ ನಕ್ಕರು. ಅಮ್ಮ ಜಗಲಿಯಿಂದಲೇ, "ಏನಂತೆ? ನನ್ನ ಹೆಸರು ಯಾಕೆ ತಗೊಂಡ?" ಎಂದು ಕೇಳುತ್ತಿದ್ದಳು. ಮ್ಯಾನೇಜರ್ ಮೈಕಿಗೆ ಕೈ ಚಾಚಿದ. ಅವನು ಕೊಡಲಿಲ್ಲ.

ಮುಂದಿನ ಸಾಲಿನ ಸಾಕಣೆದಾರ ನಗಲಿಲ್ಲ. ಕಾಲು ಕೆಳಗಿಳಿಸಿ, ಹಿಂದಕ್ಕೆ ತಿರುಗಿ, ಕಂಬದ ಕಡೆ ನೋಡಿದ. "ಅಮ್ಮಾ, ಆ ಮೂರು ದಿನ ನೀವು ಏನ್ ಮಾಡಿದ್ರಿ?" ಎಂದು ಕೇಳಿದ. "ಏನೂ ಮಾಡ್ಲಿಲ್ಲ," ಎಂದಳು ಅತ್ತಿಗೆ. "ಕೈ ಕಟ್ಟಿಕೊಂಡು ಕೂತಿದ್ದೆ. ಅದೇ ಎಲ್ಲಕ್ಕಿಂತ ಕಷ್ಟ." ಸಾಕಣೆದಾರ ತಲೆಯಾಡಿಸಿದ, ಅವನ ಹಿಂದಿನ ಸಾಲಿನವರೂ ತಲೆಯಾಡಿಸಿದರು. ಅವರೆಲ್ಲರೂ ತಮ್ಮ ತಮ್ಮ ಶೆಡ್ಡುಗಳಲ್ಲಿ ಆ ಕೆಂಪು ನೀರು ನೋಡಿದವರೇ. "ನಿಮಗೂ ಆ ದಿನ ಬರುತ್ತೆ," ಎಂದ ಅವನು ಮೈಕಿನಲ್ಲಿ. "ಹೆದರಿಕೆ ಆಗುತ್ತೆ. ಆಗ ನನಗೆ ಫೋನ್ ಮಾಡ್ಬೇಡಿ. ನಾನು ನಿಮಗಿಂತ ಹೆಚ್ಚು ಹೆದರ್ತೀನಿ. ಅತ್ತಿಗೆಗೆ ಮಾಡಿ. ಅವರು ನಂಬರ್ ಕೊಡ್ತಾರೆ." ಅವಳು ಕೊಡುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ರಬ್ಬರ್ ಬೂಟು ಧಪಧಪ ಎನ್ನಿಸುತ್ತ ಅವಳು ಕುರ್ಚಿಗಳ ನಡುವೆ ನಡೆದು ಬಂದಳು, ಅವನ ಮುಖ ನೋಡದೆ ಕೈ ಚಾಚಿ ಮೈಕು ತೆಗೆದುಕೊಂಡಳು. "ನೀವು ಕೂತ್ಕೊಳ್ಳಿ," ಎಂದಳು.

ಅವನು ಹೋಗಿ ಕೊನೆಯ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತ. ಅತ್ತಿಗೆ ಒಂದೊಂದೇ ಅಂಕಿ ಬಿಡಿಸಿ ಹೇಳಿದಳು, ಎರಡು ಸಲ. ಮೂವತ್ತಾರು ಫೋನುಗಳ ಮೇಲೆ ಮೂವತ್ತಾರು ಹೆಬ್ಬೆರಳು ಓಡಿದವು. ಪಕ್ಕದಲ್ಲಿದ್ದ ಮುದುಕನಿಗೆ ಕಿವಿ ಮಂದ. "ಕೊನೇ ಎರಡು ಏನಂದ್ರು?" ಎಂದು ಅವನ ಮೊಣಕೈ ತಿವಿದ. ಅವನು ಹೇಳಿದ. ಮುದುಕ ಒತ್ತಿಕೊಂಡು, ಫೋನನ್ನು ಕಣ್ಣಿನ ಹತ್ತಿರ ತಂದು, "ಯಾವ ಹೆಸರಲ್ಲಿ ಹಾಕ್ಕೊಳ್ಲಿ?" ಎಂದು ಕೇಳಿದ.

"ಡಾಕ್ಟ್ರು ಅಂತ ಹಾಕ್ಕೊಳ್ಳಿ," ಎಂದ ಅವನು.